ಬದುಕಿದ್ದವಳಿಗೆ ಎಡೆ

ದೊಡ್ಡಪ್ಪ, ನಿಮ್ಮ ಅವ್ವ ಬದುಕಿದ್ದಾಳೆಂದು ನನಗೆ ಗೊತ್ತಿದ್ದೂ, ಪಿತೃಪಕ್ಷದಲ್ಲಿ ಆಕೆಯ ಹೆಸರಿಗೆ ನೀವು ಎಡೆ ಇಟ್ಟ ಪಾಯಸವನ್ನು ನಿಮ್ಮ ಮನೆಯಲ್ಲೇ ಕುಳಿತು ಉಂಡು ಬಂದವಳು ನಾನು. ನನಗೆ ಆಮೇಲೆ ತಿಳಿಯಿತೆಂದು ನೀವು ನಂಬಿದ್ದೀರಿ. ಅಲ್ಲ — ಮೊದಲೇ ತಿಳಿದಿತ್ತು.

ಮನೆತನದ ಚರಿತ್ರೆ ಹುಡುಕುವ ಹುಚ್ಚು ಹತ್ತಿದಾಗ, ಮೊದಲು ಮನೆಯ ಹಿರಿಯರನ್ನು ಕೇಳು ಎಂದರು ತಿಳಿದವರು. ರಾವಂದೂರಿನ ನಮ್ಮ ಮನೆಯಲ್ಲಿ ಹಿರಿಯಳೆಂದರೆ ಅಜ್ಜಿ, ನಮ್ಮಪ್ಪನ ತಾಯಿ. ಫೋನಿನಲ್ಲಿ ರೆಕಾರ್ಡ್ ಹಾಕಿ ಮುಂದೆ ಕುಳಿತೆ. ಮುತ್ತಾತನ ಹೆಸರು ಕೇಳಿದರೆ ಆಕೆ ಹೇಳಿದ್ದೇ ಬೇರೆ. ತಾನು ಮೊದಲು ಹೆಗ್ಗಡದೇವನಕೋಟೆಯ ಸೊಸೆ; ಗಂಡ ತೀರಿಹೋದ ಮೇಲೆ ಕೂಡಾವಳಿಯೆಂಬ ಮರುಮದುವೆ ಮಾಡಿಕೊಂಡು ತಾತನ ಜೊತೆ ಬಂದವಳು; ಮೊದಲ ಮಗನನ್ನು ಆ ಮನೆಯವರು ಕಳಿಸಲಿಲ್ಲ, ಅವ್ವ ಸತ್ತಳೆಂದೇ ಹೇಳಿ ಬೆಳೆಸಿದರು. ತಾತ ಇರುವವರೆಗೂ ಆ ದಿಕ್ಕಿಗೆ ಹೋಗಗೊಡಲಿಲ್ಲ.

"ಪಿತೃಪಕ್ಷ ಬಂದ್ರೆ ಅಲ್ಲಿ ನಂಗೆ ಎಡೆ ಇಕ್ತಾನಂತೆ ಕಣವ್ವ ನನ್ ಮಗ. ಇಲ್ಲಿ ಉಣ್ಣಕ್ಕೆ ಕುಂತ್ರೆ ಗಂಟ್ಲಲ್ಲಿ ಇಳಿಯಕಿಲ್ಲ. ನೀನೆಂಗೂ ಊರೂರು ತಿರುಗ್ತೀಯ, ಒಂದ್ಸಲ ನೋಡ್ಕಂಡ್ ಬಾ."

ಪಿತೃಪಕ್ಷದ ಹಬ್ಬದ ದಿನವೇ ನಿಮ್ಮ ಮನೆಗೆ ಬಂದೆ, ಯಾರೆಂದು ಹೇಳದೆ, ವಂಶಾವಳಿ ಕೇಳುವ ನೆಪದಲ್ಲಿ. ನೀವಿಟ್ಟ ಎಲೆಯಲ್ಲಿ ವಡೆ, ಕಜ್ಜಾಯ, ಪಾಯಸ, ಕೋಳಿಸಾರು — ಬೆರಳಿಡಲು ಜಾಗವಿರಲಿಲ್ಲ. "ಅವ್ವ ತೀರ್ಕಂಡಾಗ ನಾನು ಕೂಸು. ಏನಿಷ್ಟ ಅಂತ ಏಳೋರಿಲ್ಲ, ಅದ್ಕೇ ಎಲ್ಲಾನೂ ಇಕ್ಬುಡ್ತೀನಿ" ಎಂದಿರಿ. ಅಜ್ಜಿಗೆ ಹುಚ್ಚೆಳ್ಳು ಚಟ್ನಿಯೆಂದರೆ ಪ್ರಾಣ ಎಂಬ ಮಾತು ನನ್ನ ನಾಲಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ. ತಂಗಿಯ ಮದುವೆಯ ಮಾತುಕತೆ ನಡೆದಿತ್ತು; ಅಜ್ಜಿಯ ಕೂಡಾವಳಿ ಬೀಗರ ಕಿವಿಗೆ ಬಿದ್ದರೆ ಸಂಬಂಧ ಮುರಿದೀತು — ನನ್ನ ತಲೆಯಲ್ಲಿ ಇದ್ದದ್ದು ಅದೊಂದೇ. ಊರಿಗೆ ಬಂದು ಅಜ್ಜಿಗೆ, "ಆ ಮನೇಲಿ ಈಗ ಯಾರೂ ಇಲ್ಲಜ್ಜಿ" ಎಂದೆ.

ಮದುವೆ ಮುಗಿಯಿತು. ಆಮೇಲೂ ಬಾಯಿ ಬಿಡಲಿಲ್ಲ. ವಂಶವೃಕ್ಷ ಬರೆಸಿ, ಚೌಕಟ್ಟು ಹಾಕಿಸಿ, ನಡುಮನೆಯಲ್ಲಿ ತೂಗುಹಾಕಿದೆ. ಅದರಲ್ಲಿ ನಿಮ್ಮ ಹೆಸರಿರಲಿಲ್ಲ. ಬಂದವರೆಲ್ಲ ಹೊಗಳಿದರು, ನಾಚಿಕೆಯಿಲ್ಲದೆ ಹಿಗ್ಗಿದೆ.

ಹೋದ ವರ್ಷ ಹಬ್ಬದಲ್ಲಿ ತಾತನಿಗೆ ಎಲೆ ಹಾಕುತ್ತಿದ್ದೆ. ಅಜ್ಜಿ ಗೋಡೆ ಹಿಡಿದುಕೊಂಡು ಬಂದಳು. "ಪಕ್ಕದಾಗೆ ಇನ್ನೊಂದು ಎಲೆ ಹಾಕವ್ವ. ಕೋಟೇಲಿದ್ದ ನನ್ ಮೊದಲ್ನೇ ಮಗನೂ ಓಗ್ಬುಟ್ಟವ್ನೆ. ಯಾರೂ ಇಲ್ಲ ಅಂದ್ಯಲ್ಲ."

ಬದುಕಿರುವ ಮಗನಿಗೆ ತಾಯಿಯ ಕೈಯಿಂದ ಎಡೆ — ಅದೂ ನನ್ನ ಮಾತು ನಂಬಿ — ಹಿಡಿದಿದ್ದ ಎಲೆಯನ್ನು ಕೆಳಗಿಟ್ಟೆ. "ಅವ್ರು ಬದ್ಕವ್ರೆ ಅಜ್ಜಿ. ನಾನು ಸುಳ್ಳು ಹೇಳಿದ್ದೆ." ಅಜ್ಜಿ ಅಪ್ಪನ ಕಡೆ ತಿರುಗಿ, "ಗಾಡಿ ತಗಿ" ಎಂದಳು. ಅಪ್ಪ ಕಾರು ತೆಗೆದ.

ಹುಣಸೂರು ದಾಟಿ ನಿಮ್ಮ ಮನೆ ಮುಟ್ಟಿದಾಗ, ನೀವೆಲ್ಲ ಎಡೆ ಇಟ್ಟು, ಕೋಣೆಯ ಬಾಗಿಲು ಮುಚ್ಚಿ, ಹಿರಿಯರು ಬಂದು ಉಣ್ಣಲೆಂದು ಜಗಲಿಯಲ್ಲಿ ಕಾಯುತ್ತಿದ್ದಿರಿ. ಬಂದಳು! ಕಾರಿನಿಂದಿಳಿದು, ಚಿಕ್ಕ ಮಗನಾದ ನಮ್ಮಪ್ಪನ ತೋಳು ಹಿಡಿದು ಬಂದಳು!

"ದೊಡ್ಡಪ್ಪ, ನಿಮ್ಮವ್ವ ಸತ್ತಿಲ್ಲ. ಇವ್ರೇ" ಎಂದೆ. ನೀವು ಎದ್ದು ಹತ್ತಿರ ಬಂದು ಆಕೆಯ ಮುಖ ನೋಡಿದಿರಿ. ಆಕೆ ನಿಮ್ಮ ನರೆತ ತಲೆ ಸವರಿ, ನೆಟ್ಟಗೆ ಹೋಗಿ ಕೋಣೆಯ ಬಾಗಿಲು ತೆರೆದು ಎಲೆಯ ಮುಂದೆ ಕುಳಿತಳು. ಎಡೆಯ ಎಲೆಯಲ್ಲಿ ಬದುಕಿದ್ದವರು ಉಣ್ಣಬಾರದೆಂದು ಯಾರೋ ಗಾಬರಿಯಾದರು. "ನಂಗೇ ತಾನೇ ಇಕ್ಕಿರಾದು?" ಎಂದಳು. ಎಲೆಯ ಮೇಲೆ ಕಣ್ಣಾಡಿಸಿ, "ಇಷ್ಟೆಲ್ಲ ಇಕ್ಕಿದ್ದೀಯ, ಹುಚ್ಚೆಳ್ಳು ಚಟ್ನಿ ಎಲ್ಲಿ ಕಣ್ಲಾ ಮಗ?"

ನೀವು ಅಳುತ್ತಲೇ ನಕ್ಕಿರಿ. ಕೇರಿಗೆ ಕೇರಿಯೇ ಬಾಗಿಲಲ್ಲಿ ನಿಂತು ನೋಡಿತು. ಅಂಥ ಹಬ್ಬವನ್ನು ನಾನು ಕಂಡಿಲ್ಲ.

ಗೋಡೆಯ ಚೌಕಟ್ಟಿನಲ್ಲಿ ಈಗ ಅಜ್ಜಿಯ ಮಕ್ಕಳಲ್ಲಿ ಮೊದಲ ಹೆಸರು ನಿಮ್ಮದೇ. ಆದರೆ ನಾನು ಕಸಿದುಕೊಂಡ ವರ್ಷಗಳು — ತಾಯಿ ಮಗ ಒಟ್ಟಿಗೆ ಉಣ್ಣಬಹುದಾಗಿದ್ದ ಊಟಗಳು — ಅವನ್ನು ತಂದುಕೊಡಲಾರೆ. ಈ ಸಲ ಹಬ್ಬಕ್ಕೆ ಅಜ್ಜಿಯನ್ನು ಕರೆತರುತ್ತೇನೆ. ಚಟ್ನಿಯನ್ನೂ ನಾನೇ ಅರೆದು ತರುತ್ತೇನೆ. ಅಷ್ಟರೊಳಗೆ ಇದನ್ನು ಓದಿರಿ, ದೊಡ್ಡಪ್ಪ. ನಿಮ್ಮ ಪಂಕ್ತಿಯಲ್ಲಿ ನನಗೂ ಒಂದು ಎಲೆ ಹಾಕಬೇಕೋ ಬೇಡವೋ ನೀವೇ ಹೇಳಿ.