ಗಿರಿಜಾನ ಪಿಸ್ತೂಲು, ನನ್ನ ಕೆಮ್ಮು

ಸನೇಕ ಬರ್ರಿ, ಯಾರ ಮುಂದೂ ಬಾಯಿ ಬಿಡಬ್ಯಾಡ್ರಿ. ಬ್ಯಾಡಗಿಯೊಳಗ ನಮ್ಮ ಮಗ್ಗಲಮನಿ ಗಿರಿಜಾ, ಮೆಣಸಿನಕಾಯಿ ವ್ಯಾಪಾರದಾಕಿ, ಗಂಡ ಸತ್ತಮ್ಯಾಲೆ ಹಾವೇರಿಗೆ ಹೋಗಿ ಗುಂಡು ಹೊಡಿಯೋದು ಕಲಿತು ಬಂದ್ಲು. ಬಳಿ ತೆಗೆದ ಕೈಯಾಗ ಪಿಸ್ತೂಲ!

ಒಂದಿನ ಆಕಿ ಪಡಸಾಲಿಯೊಳಗ ಕಾಯಿ ತೊಟ್ಟು ಬಿಡಿಸಾಕತ್ತಿದ್ದೆ. ಒಳಗ ಕಟಕ್, ಕಟಕ್ ಸಪ್ಪಳ. ಯಾರನ್ನ ಕರಕೊಂಡಾಳೋ ನೋಡೂಣಂತ, ಘಾಟಿನ ಕೆಮ್ಮು ನುಂಗಿ ಬಾಗಿಲ ಸಂದ್ಯಾಗ ಕಣ್ಣಿಟ್ಟೆ. ಯಾರೂ ಇರಲಿಲ್ಲ. ಖಾಲಿ ಪಿಸ್ತೂಲ ಹಿಡಿದು ಒಬ್ಬಾಕಿನ ಗ್ವಾಡಿಗೆ ಗುರಿ ಇಟ್ಟು, ಅದರ ಕುದುರಿ ಎಳೀತಿದ್ಲು.

ಸಪ್ಪಳ ನಿಂತಿತು. ಬಾಗಿಲ ಹಿಂದ ಯಾರೋ ಇದ್ದ ಸುಳಿವು ಹತ್ತಿತೇನೋ, ಗುಂಡು ತುಂಬಿದ್ಲು. ಪಿಸ್ತೂಲ ನೆಲಕ್ಕ ಮಾಡಿ, ಮೆಲ್ಲಕ ಬಾಗಿಲ ಕಡೆ ತಿರುಗಿದ್ಲು.

“ಯಾರು?”

ನುಂಗಿದ್ದ ಕೆಮ್ಮು ಹೊರಗ ಬಂತು.

ಬಾಗಿಲ ತೆಗೆದು ಮಾರಿಮ್ಯಾಲೇ ಅಂದ್ಲು: “ದೊಡ್ಡವ್ವಾ, ಎದುರಿನವ್ರು ಯಾರಂತ ತಿಳಿಯೂತನಕ ಪಿಸ್ತೂಲಿನ ಕುದುರಿಮ್ಯಾಲೆ ಬಟ್ಟಿಡಬಾರದಂತ ಕಲಿಸ್ಯಾರ. ನಿಮ್ಮ ಕೆಮ್ಮಿನ ಗುರ್ತು ನನಗೈತ್ರಿ. ಇನ್ನೊಮ್ಮೆ ತಡಕೋಬ್ಯಾಡ್ರಿ.”