ಚೀನಾ ಅಕ್ಕ ಅಂತ ಕರೆದವಳು ನಾನೇ

ಮೊನ್ನೆ ಮಗಳಿಗೆಂದು ಟ್ರಂಕಿನ ತಳದಿಂದ ಹಳೆಯ ಸ್ವೆಟರೊಂದನ್ನು ತೆಗೆದೆ. ನುಸಿಗುಳಿಗೆಯ ವಾಸನೆ ಗಪ್ಪನೆ ಮೂಗಿಗೆ ಬಡಿಯಿತು. ನೀಲಿ ಬಣ್ಣ, ಎದೆಯ ಮೇಲೆ ಎರಡು ಬಿಳಿ ಪಟ್ಟಿ. ನಾನು ನಾಲ್ಕನೇ ಇಯತ್ತೆಯಲ್ಲಿದ್ದಾಗ ಹಾಕಿಕೊಂಡದ್ದು. ಮಗಳು ಮೂಗು ಮುಚ್ಚಿಕೊಂಡು ಆಚೆ ಹೋದಳು. ನಾನು ಮಾತ್ರ ಅದನ್ನು ತೊಡೆಯ ಮೇಲಿಟ್ಟುಕೊಂಡು ಎಷ್ಟೋ ಹೊತ್ತು ಕೂತೆ. ಆ ವಾಸನೆಯ ಹಿಂದೆಯೇ ಒಂದು ದುಂಡು ಮುಖ ಬಂತು. ಕೆಂಪು ಕೆನ್ನೆ, ಎರಡು ಜಡೆ, ನಕ್ಕರೆ ಪೂರ್ತಿ ಮುಚ್ಚಿಕೊಳ್ಳುವ ಕಣ್ಣು…

ಸಿಂದಗಿಯ ಪೇಟೆಯಲ್ಲಿ ನಮ್ಮಪ್ಪನದು ಟೇಲರ್ ಅಂಗಡಿ. ಅಂಗಡಿಯ ಮುಂದೆ ಕಲ್ಲಿನ ಕಟ್ಟೆ. ದೀಪಾವಳಿ ಮುಗಿಯುತ್ತಲೇ ಆ ದುಂಡು ಮುಖದಾಕೆ ಸ್ವೆಟರ್ ಮಾರಲು ಆ ಕಟ್ಟೆಗೆ ಬರುತ್ತಿದ್ದಳು. ಮೊದಲ ವರ್ಷ ಮುದ್ದೇಬಿಹಾಳದಲ್ಲಿ ಕೂಡಲು ಜಾಗ ಸಿಗದೆ ಎರಡು ದೊಡ್ಡ ಗಂಟು ಹೊತ್ತುಕೊಂಡು ಸಿಂದಗಿಯಲ್ಲಿ ಬಸ್ಸಿಳಿದಿದ್ದಳಂತೆ. ನಾಲ್ಕಾರು ಅಂಗಡಿಯವರನ್ನು ಕೇಳಿ ಕೊನೆಗೆ ಅಪ್ಪನನ್ನು ಕೇಳಿದಳು. ಅಪ್ಪ ಕೈಯಲ್ಲಿದ್ದ ಪೈಜಾಮದಿಂದ ತಲೆಯೆತ್ತಿ, "ಕುಂದರ್ರಿ. ಗಿರಾಕಿ ಒಳಗ ಬರಾಕ ಒಂದೀಟು ದಾರಿ ಬಿಡ್ರಿ, ಸಾಕು" ಅಂದ. ಅಷ್ಟೇ. ಮುಂದೆ ಹದಿನೆಂಟು ಚಳಿಗಾಲ ಆಕೆ ಅಲ್ಲೇ ಕೂತಳು. ಲೂಧಿಯಾನಾದ ಸ್ವೆಟರ್, ಟೊಪ್ಪಿಗೆ, ಮಫ್ಲರ್. ಹರಿದ ಜಿಪ್ಪುಗಳನ್ನು ಅಪ್ಪ ಹೊಲಿದುಕೊಡುತ್ತಿದ್ದ. ಆಕೆ ಮಧ್ಯಾಹ್ನ ನಮ್ಮ ಮನೆಯ ರೊಟ್ಟಿ, ಪುಂಡಿಪಲ್ಯ ಉಣ್ಣುತ್ತಿದ್ದಳು.

ಆಕೆಯ ಊರು ಮುಂಡಗೋಡದ ಟಿಬೆಟಿಯನ್ ಕ್ಯಾಂಪ್. ಅದನ್ನು ಆಕೆ ಮೊದಲ ದಿನವೇ ಹೇಳಿದ್ದಳು. ಆದರೆ ನಾನು ಆಗಷ್ಟೇ ಸಾಲಿಯ ಗೋಡೆಯ ಮೇಲಿನ ನಕಾಶೆಯಲ್ಲಿ ಚೀನಾ ದೇಶ ನೋಡಿದ್ದೆ. ಅದರ ಪಕ್ಕದಲ್ಲಿ ಅಲ್ಲಿನ ಜನರ ಒಂದು ಚಿತ್ರವಿತ್ತು. ಸಂಜೆ ಓಡಿಬಂದು ಕಟ್ಟೆಯ ಮುಂದೆ ನಿಂತು ಎಲ್ಲರಿಗೂ ಕೇಳುವಂತೆ, "ಅಪ್ಪಾ, ಚೀನಾ ಅಕ್ಕ ಬಂದಾಳ" ಎಂದು ಕೂಗಿದೆ. ಎಲ್ಲರೂ ನಕ್ಕರು. ಆಕೆಯೂ ನಕ್ಕಳು. ಮರುದಿನದಿಂದ ಇಡೀ ಪೇಟೆಗೆ ಆಕೆ ಚೀನಾ ಅಕ್ಕ. ಸ್ವೆಟರ್ ಬೇಕಾದವರು ದೇವಣಗಾಂವದಿಂದ ಬಂದರೂ ಬಸ್ ಸ್ಟ್ಯಾಂಡಿನಲ್ಲಿ ಕೇಳುತ್ತಿದ್ದದ್ದು ಅದೇ ಹೆಸರು.

ಅದರಲ್ಲಿ ಕೆಟ್ಟತನವಿರಲಿಲ್ಲ. ಈಗಲೂ ಹಾಗೆಯೇ ಹೇಳುತ್ತೇನೆ. ನಮ್ಮ ಪೇಟೆಯಲ್ಲಿ ಅಡ್ಡಹೆಸರಿಲ್ಲದ ಮನುಷ್ಯನೇ ಇರಲಿಲ್ಲ. ಆಕೆಯೂ ಹೆಸರಿಡುವುದರಲ್ಲಿ ನಮಗಿಂತ ಕಡಿಮೆಯಿರಲಿಲ್ಲ. ಅಪ್ಪನಿಗೆ ಸೂಜಿ ಅಣ್ಣ ಅಂದಳು. ಎದುರಿನ ಹಿಟ್ಟಿನ ಗಿರಣಿಯ ಕಾಕಾನಿಗೆ, ಹುಬ್ಬು ಸದಾ ಹಿಟ್ಟು ಕೂತು ಹಿಮದಂತೆ ಬೆಳ್ಳಗಿರುತ್ತಿದ್ದುದರಿಂದ, ಬರ್ಫದ ಅಣ್ಣ. ಬಾಯಿ ಮುಚ್ಚದ ನನಗೆ ರೇಡಿಯೊ. ನಾವು ಅವಕ್ಕೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು.

ಗಿರಣಿ ಕಾಕಾ ಅಪ್ಪನಿಗೆ ಇಟ್ಟ ಹೆಸರು ಬೇರೆ. ಅವರಿಬ್ಬರೂ ಒಂದೇ ಬೆಂಚಿನಲ್ಲಿ ಕೂತು ಕಲಿತವರು. ನಮ್ಮ ರಮಜಾನಿಗೆ ಕಾಕಾ ಮೊದಲು ಬರುತ್ತಿದ್ದ, ಅವರ ಬಸವ ಜಯಂತಿಗೆ ಅಪ್ಪ. ಆದರೆ ಕ್ರಿಕೆಟ್ ಇದ್ದ ದಿನ ಕಾಕಾ ಗಿರಣಿಯ ಬಾಗಿಲಲ್ಲಿ ನಿಂತು, "ಏನ್ರೀ ಪಾಕಿಸ್ತಾನದ ಕ್ಯಾಪ್ಟನ್ ಸಾಹೇಬ್ರ, ಇವತ್ತ ಎಷ್ಟು ರನ್ ಹೊಡೀತೀರಿ" ಎಂದು ಕೂಗುತ್ತಿದ್ದ. ಅಪ್ಪ ನಗುತ್ತಿದ್ದ. ಪ್ರತಿ ಸಲವೂ ನಗುತ್ತಿದ್ದ. ಆ ನಗೆಯನ್ನು ನಾನು ಯಾವತ್ತೂ ದಿಟ್ಟಿಸಿ ನೋಡಲಿಲ್ಲ…

ನಾನು ದೊಡ್ಡವಳಾದೆ, ಮದುವೆಯಾಯಿತು, ಅದೇ ಊರಿನಲ್ಲಿ ಟೀಚರ್ ಆದೆ. ಆಕೆಯ ಜಡೆ ಬೆಳ್ಳಗಾಯಿತು. ಕೊನೆಯ ಆ ವರ್ಷ ಸಂಕ್ರಮಣ ಮುಗಿದಿತ್ತು. ಆಕೆ ಹೊರಡಲು ಐದಾರು ದಿನ ಉಳಿದಿದ್ದವು. ಟಿ.ವಿ.ಯಲ್ಲಿ ಹೊಸ ರೋಗದ ಸುದ್ದಿ ಬರತೊಡಗಿತ್ತು, ಚೀನಾದ್ದು. ಮೊದಲಿಗೆ ಅದೂ ಚೇಷ್ಟೆಯೇ. "ಚೀನಾ ಅಕ್ಕ, ನಿಮ್ಮೂರಿಂದ ಏನ ತಂದೀಯವಾ ಈ ಸಲ" ಎಂದು ಕೇಳಿ ನಗುತ್ತಿದ್ದರು. ಮರುದಿನ ಸ್ವೆಟರ್ ಮುಟ್ಟಿ ನೋಡುವವರು ಕಡಿಮೆಯಾದರು. ಅದರ ಮರುದಿನ ಜನ ಕಟ್ಟೆ ಬಿಟ್ಟು ರಸ್ತೆಯ ಆಚೆಯಿಂದ ಹೋದರು.

ಶನಿವಾರ ಬೆಳಗಿನ ಸಾಲಿ ಮುಗಿಸಿ ನಾನು ಅಂಗಡಿಗೆ ಹೋದಾಗ ಅಲ್ಲಿ ಗುಂಪು ಕೂಡಿತ್ತು. ಮಾಸ್ಕ್ ಹಾಕಿಕೊಂಡ ಇಬ್ಬರು ಆರೋಗ್ಯದ ಕೆಲಸದವರು, ಜೊತೆಗೊಬ್ಬ ಪೊಲೀಸ್. ಯಾರೋ ಫೋನ್ ಮಾಡಿ, ಪೇಟೆಯಲ್ಲಿ ಚೀನಾದ ಹೆಂಗಸೊಬ್ಬಳು ಇದ್ದಾಳೆ, ಕೆಮ್ಮುತ್ತಾಳೆ ಎಂದು ತಿಳಿಸಿದ್ದರಂತೆ. ಅವರೇನೂ ಒರಟಾಗಿ ಮಾತಾಡಲಿಲ್ಲ. ದೂರ ನಿಂತು, "ಪಾಸ್‌ಪೋರ್ಟ್ ತೋರಸ್ರಿ, ಚೀನಾದಿಂದ ಯಾವಾಗ ಬಂದ್ರಿ" ಎಂದು ಕೇಳಿದರು.

"ನಾ ಚೀನಾ ನೋಡೇ ಇಲ್ರಿ" ಅಂದಳು ಆಕೆ.

"ಎಲ್ಲಾರೂ ಚೀನಾದಾಕಿ ಅಂತಾರಲ್ರಿ ಮತ್ತ?"

ಗುಂಪಿನಲ್ಲಿ ಯಾರೂ ಬಾಯಿ ಬಿಡಲಿಲ್ಲ. ಆಕೆ ಸೊಂಟದ ಚೀಲದಿಂದ ಪ್ಲಾಸ್ಟಿಕ್ ಸುತ್ತಿದ, ಟಿಬೆಟಿಯನ್ನರಿಗೆ ಸರಕಾರ ಕೊಡುವ ನೋಂದಣಿ ಪುಸ್ತಕ ತೆಗೆದು ಕಟ್ಟೆಯ ತುದಿಯಲ್ಲಿಟ್ಟು ಹಿಂದೆ ಸರಿದಳು. ಅವರು ಅದನ್ನು ಎತ್ತಿಕೊಂಡು ಆಕೆಯ ಹೆಸರನ್ನು ಜೋರಾಗಿ ಓದಿದರು. ತಪ್ಪಾಯಿತು. ಆಕೆ ತಿದ್ದಿದಳು. ಮತ್ತೆ ತಪ್ಪಾಯಿತು, ಮತ್ತೆ ತಿದ್ದಿದಳು. ಹದಿನೆಂಟು ವರ್ಷದಲ್ಲಿ ನಾನು ಆ ಹೆಸರು ಕೇಳಿದ್ದು ಅದೇ ಮೊದಲು. ಅದನ್ನಿಲ್ಲಿ ಬರೆಯುವುದಿಲ್ಲ. ಒಮ್ಮೆ ಆಕೆಯನ್ನು ಕೇಳದೆ ಒಂದು ಹೆಸರನ್ನು ಊರಿಗೆಲ್ಲ ಹಂಚಿದ್ದೇನೆ, ಸಾಕು.

ಪುಸ್ತಕ ನೋಡಿ ಅವರು "ತಪ್ಪ ತಿಳೀಬ್ಯಾಡ್ರಿ" ಎಂದು ಹೇಳಿ ಹೋದರು. ಗುಂಪು ಕರಗಿತು. ಆಕೆ ಅವತ್ತೇ ಗಂಟು ಕಟ್ಟತೊಡಗಿದಳು. ನಾನು ಪಕ್ಕದಲ್ಲಿ ಕೂತು ಮಫ್ಲರ್ ಮಡಚುತ್ತ, ನಾನೇ ತಪ್ಪಿತಸ್ಥಳಾಗಿದ್ದರೂ ಆಕೆಯನ್ನೇ ದೂರುವವಳಂತೆ ಕೇಳಿದೆ. "ಆ ಹೆಸರು ಬ್ಯಾಡ ಅಂತ ಒಂದ ದಿನಾನೂ ಅನಲಿಲ್ಲಲ್ಲ ಅಕ್ಕಾ ನೀವು?"

ಆಕೆ ಗಂಟಿನ ಮೇಲೆ ಮೊಣಕಾಲೂರಿ ಹಗ್ಗ ಬಿಗಿದಳು. ಆಮೇಲೆ ನಿಧಾನಕ್ಕೆ ಹೇಳಿದಳು. "ನಮ್ಮವ್ವ ಟಿಬೆಟ್ ಬಿಟ್ಟು ಗುಡ್ಡ ದಾಟೂ ಮುಂದ ನಾ ಆಕಿ ಹೊಟ್ಟ್ಯಾಗಿದ್ನಿ. ನಮ್ಮಣ್ಣಗ ನಾಕ ವರ್ಷ. ಬರ್ಫದಾಗ ನಡಕೋತ ಬರೂ ಮುಂದ ದಾರ್ಯಾಗ ಸತ್ತ. ಹೂಳಾಕ ಮಣ್ಣ ಸಿಗಲಿಲ್ಲಂತ. ಕಲ್ಲ ಮುಚ್ಚಿ ಬಂದಾರ. ಯಾರಿಗೆ ಅಂಜಿ ಓಡಿ ಬಂದ್ರೋ, ನೀವು ಅವರದ ಹೆಸರಿಟ್ಟು ಕರದ್ರಿ."

ಆಕೆ ಎರಡನೆಯ ಗಂಟಿಗೆ ಹಗ್ಗ ಸುತ್ತಿದಳು.

"ಮದಲನೇ ವರ್ಷ ಹೇಳಿದ್ನಿ ರೇಡಿಯೊ. ಚೀನಾ ಅಲ್ಲ, ಟಿಬೆಟ್ ಅಂದ್ನಿ. ಎಲ್ಲಾರೂ ಹೂಂ ಅಂದ್ರಿ. ಮರುದಿನ ಮತ್ತ ಅದನ್ನ ಅಂದ್ರಿ. ಸಿಟ್ಟೀಲೆ ಅಂದಿದ್ರ ನಾನೂ ಜಗಳಾ ಮಾಡ್ತಿದ್ನಿ. ನೀವು ಪ್ರೀತೀಲೆ ಕರದ್ರಿ. ರೊಟ್ಟಿ ಕೊಟ್ಟು ಕರದ್ರಿ. ಅಂಥವ್ರಿಗೆ ಬ್ಯಾಡ ಅನ್ನೂದು ಭಾಳ ತ್ರಾಸು."

ಒಳಗೆ ಮಶೀನಿನ ಸದ್ದು ನಿಂತಿತ್ತು. ಅದು ಯಾವಾಗ ನಿಂತಿತೋ ನನಗೆ ಗೊತ್ತಾಗಿರಲಿಲ್ಲ. ಅಪ್ಪ ಕಾಲನ್ನು ಹಲಗೆಯ ಮೇಲಿಟ್ಟುಕೊಂಡು ಹಾಗೆಯೇ ಕೂತಿದ್ದ. ಸಂಜೆ ತಾನೇ ಗಂಟು ಹೊತ್ತು ಆಕೆಯನ್ನು ಹುಬ್ಬಳ್ಳಿ ಬಸ್ಸಿಗೆ ಹತ್ತಿಸಿದ. ನಾನು ಕಿಟಕಿಯ ಕೆಳಗೆ ನಿಂತಿದ್ದೆ. ತಪ್ಪಾಯಿತು ಎಂಬ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ದೀಪಾವಳಿಗೆ ಬರ್ತಾಳಲ್ಲ, ಆಗ ಕೂತು ಸಮಾಧಾನವಾಗಿ ಹೇಳಿದರಾಯಿತು ಎಂದುಕೊಂಡೆ…

ಅದಾಗಿ ಸ್ವಲ್ಪ ದಿನಕ್ಕೆ ಯಾವುದೋ ಮ್ಯಾಚು. ಗಿರಣಿ ಕಾಕಾ ಎಂದಿನಂತೆ ಬಾಗಿಲಲ್ಲಿ ನಿಂತು ಕ್ಯಾಪ್ಟನ್ ಸಾಹೇಬರನ್ನು ಕೂಗಿದ. ಅಪ್ಪ ಈ ಸಲ ನಗಲಿಲ್ಲ. ರಸ್ತೆ ದಾಟಿ ಹೋಗಿ ಕಾಕಾನ ಎದುರು ನಿಂತ. ನಾನು ಅಂಗಡಿಯಲ್ಲೇ ಇದ್ದೆ.

"ಆ ಹೆಸರು ಬ್ಯಾಡೋ ಇನ್ನ" ಅಂದ ಅಪ್ಪ.

"ಯಾಕ? ನಲವತ್ತ ವರ್ಷದಿಂದ ಅಂತೇನಲ್ಲೋ."

"ನೀ ಅಂದ್ರ ನನಗ ಚೇಷ್ಟಿ ಅಂತ ಗೊತ್ತೈತಿ. ನೀ ಅಂದಿದ್ದನ್ನ ಕೇಳಿ ಇನ್ನೊಬ್ಬಾವ ಅಂತಾನಲ್ಲ, ಅಂವಗ ಚೇಷ್ಟಿ ಗೊತ್ತಿಲ್ಲ. ನಾ ಅವಂಗೂ ನಕ್ಕೇ ತೋರಸ್ಬೇಕು. ನಕ್ಕು ನಕ್ಕು ಸಾಕಾಗೇತಿ."

ಕಾಕಾನ ಮುಖ ಇಳಿದುಹೋಯಿತು. ಸಿಟ್ಟಲ್ಲ, ಬೇರೇನೋ. ಎಂಟು ದಿನ ಅವನು ಈ ಕಡೆ ಬರಲಿಲ್ಲ. ನಲವತ್ತು ವರ್ಷದ ಗೆಳೆತನ ಒಂದು ಮಾತಿಗೆ ಹೋಯಿತೇ ಎಂದು ಅವ್ವ ಗಾಬರಿಯಾದಳು. ಒಂಬತ್ತನೆಯ ದಿನ ಕಾಕಾ ತನ್ನ ಹಳೆಯ ಅಂಗಿಯೊಂದನ್ನು ಹಿಡಿದುಕೊಂಡು ಬಂದ. ಅದಕ್ಕೊಂದು ಗುಂಡಿ ಹಚ್ಚಬೇಕಿತ್ತು. ಬಾಗಿಲಲ್ಲೇ ನಿಂತು ಅಪ್ಪನನ್ನು ಹೆಸರು ಹಿಡಿದು ಕರೆದ, ಸಾಲಿಯಲ್ಲಿ ಮಾಸ್ತರರು ಕರೆಯುತ್ತಿದ್ದ ಪೂರ್ತಿ ಹೆಸರು. ಇಬ್ಬರೂ ಅದರ ಬಗ್ಗೆ ಮತ್ತೆ ಮಾತಾಡಲಿಲ್ಲ. ಚಹಾ ಕುಡಿದರು.

ಆ ದೀಪಾವಳಿಗೆ ಆಕೆ ಬರಲಿಲ್ಲ. ರೋಗದ ವರ್ಷ, ಯಾರೂ ಎಲ್ಲಿಗೂ ಹೋಗುವಂತಿರಲಿಲ್ಲ. ಮುಂದಿನ ವರ್ಷವೂ ಇಲ್ಲ. ನಮ್ಮ ಹತ್ತಿರವಿದ್ದ ಫೋನ್ ನಂಬರಿಗೆ ಕರೆ ಹೋಗುತ್ತಿರಲಿಲ್ಲ. ಹೋದ ಚಳಿಗಾಲ ನಾನು ಮದುವೆಯೊಂದಕ್ಕೆ ಇಂಡಿಗೆ ಹೋದಾಗ ಬಜಾರಿನಲ್ಲಿ ಸ್ವೆಟರ್ ಹರವಿಕೊಂಡು ಕೂತ ಒಬ್ಬ ತರುಣನನ್ನು ಕಂಡೆ. ಅದೇ ದುಂಡು ಮುಖ. ಗಿರಾಕಿಯೊಬ್ಬ ಅವನಿಗೆ "ಏ ಚೀನಾ" ಅಂದ. ಅವನು ಕೂಡಲೇ, "ಚೀನಾ ಅಲ್ಲರೀ ಅಣ್ಣಾರ, ಮುಂಡಗೋಡ. ನಿಮಗ ಯಾ ಸೈಜ್ ಬೇಕ್ರಿ?" ಅಂದ. ಗಿರಾಕಿ ಪೆಚ್ಚಾಗಿ ಸೈಜು ಹೇಳಿದ. ಇಷ್ಟು ಸುಲಭವಿತ್ತೇ ಎನಿಸಿತು ನನಗೆ. ಆಮೇಲೆ, ಆಕೆಗೂ ಸುಲಭವಾಗುವಂತೆ ನಾವು ಒಂದು ದಿನವಾದರೂ ಕಿವಿಗೊಟ್ಟಿದ್ದೆವೇ ಎನಿಸಿತು.

ಕೇಳಿದರೆ, ಅವನು ಆಕೆಯ ತಂಗಿಯ ಮಗ. ಆ ತಂಗಿಯೂ ಬಸವನ ಬಾಗೇವಾಡಿಯಲ್ಲಿ ಸ್ವೆಟರ್ ಮಾರಲು ಕೂಡುತ್ತಿದ್ದಳಂತೆ. "ದೊಡ್ಡವ್ವ ಹೋಗಿ ಮೂರ ವರ್ಷ ಆತ್ರಿ" ಅಂದ. "ಉಸಿರಾಟದ ತ್ರಾಸಿತ್ತು. ಸಿಂದಗ್ಯಾಗ ಒಬ್ಬಾವ ಟೇಲರ್ ಅದಾನ, ಅವನ ಹೆಣ್ಣಮಗಳು ನನ್ನ ಕೈಯಾಗ ಬೆಳದಾಳ ಅಂತ ಭಾಳ ಹೇಳ್ತಿದ್ಳರಿ. ಅಲ್ಲಿ ಆಕಿಗೆ ಒಂದು ಹೆಸರಿತ್ತಂತ. ಏನಂತ ಕೇಳಿದ್ರ ಹೇಳತಿದ್ದಿಲ್ಲ." ನೀವು ಯಾರ್ರಿ ಎಂದು ಅವನು ಕೇಳಿದ. ಟೇಲರ್ ಮಗಳು ಎಂದೆ. ಅದಕ್ಕಿಂತ ಹೆಚ್ಚಿನದನ್ನು ಹೇಳುವ ಧೈರ್ಯ ಬರಲಿಲ್ಲ.

ಸಿಂದಗಿಗೆ ಮರಳಿ ನೇರ ಅಂಗಡಿಗೆ ಹೋದೆ. ಅಪ್ಪನಿಗೆ ಈಗ ಸೂಜಿಗೆ ದಾರ ಪೋಣಿಸುವುದು ಆಗುವುದಿಲ್ಲ; ಪೋಣಿಸಿ ಕೊಟ್ಟೆ, ಆಮೇಲೆ ಸುದ್ದಿ ಹೇಳಿದೆ. ಅಪ್ಪ ಸೂಜಿಯನ್ನು ಕಾಲರಿಗೆ ಚುಚ್ಚಿಕೊಂಡು ಹೊರಗೆ ನೋಡುತ್ತ ಕೂತ. ಅವನ ತುಟಿಗಳು ಅಲುಗಿದವು. ದುವಾ ಮಾಡುತ್ತಿದ್ದಾನೆ ಎಂದುಕೊಂಡೆ. ಹತ್ತಿರ ಬಗ್ಗಿದಾಗ ಕೇಳಿಸಿತು. ಆ ಒಂದು ಶನಿವಾರ ಮಾತ್ರ ಕಿವಿಗೆ ಬಿದ್ದಿದ್ದ ಆಕೆಯ ಹೆಸರನ್ನು ಅಪ್ಪ ಹೇಳಲು ನೋಡುತ್ತಿದ್ದ. ನಡುವಿನ ಅಕ್ಷರ ನಾಲಿಗೆಗೆ ಸಿಗಲಿಲ್ಲ. ತಡೆದು, ಮತ್ತೆ ಮೊದಲಿನಿಂದ ಹೇಳಿದ.