ನಿಮ್ಮವ್ವ ಹಾಕುವ ಖೂನ

ಧೂಳಪ್ಪಾ, ಆ ಪದದ ಅರ್ಥ ನನಗೆ ಗೊತ್ತಿತ್ತು. ಗೊತ್ತಿದ್ದೂ ನಾನು ನಿನಗೆ ತಪ್ಪು ಹೇಳಿದೆ.

ಆಗ ಕಲ್ಯಾಣಿಯ ಶಾಲೆಯಲ್ಲಿ ಪಾಠವೆಲ್ಲ ಉರ್ದುವಿನಲ್ಲಿ. ನಮ್ಮಪ್ಪ ಕಚೇರಿಯ ಗುಮಾಸ್ತರು. ನನಗೆ ಉರ್ದು ಮನೆಯಲ್ಲೇ ಬಂದಿತ್ತು. ನೀನು ಮೋರಖಂಡಿಯಿಂದ ನಡೆದು ಬರುವ ಅಗಸರ ಹುಡುಗ. ಅಲಿಫ್ ಎಂಬ ಮೊದಲಕ್ಷರ ಕೂಡ ತಿಳಿಯದೆ ಬಂದವನು ವರ್ಷದೊಳಗೆ ನನ್ನನ್ನೂ ಹಿಂದೆ ಹಾಕಿದೆ. ಹೇಗೆಂದು ಕೇಳಿದರೆ ನೀನು ಮುಚ್ಚುಮರೆಯಿಲ್ಲದೆ ಹೇಳಿಬಿಟ್ಟೆ — “ಹೊಸಾ ಮಾತು ಬಂತಂದ್ರ ಮನ್ಯಾಗಿನ ಮಾತಿನ ಬಾಜು ಕುಂದ್ರಸ್ತೀನೋ. ಆಮ್ಯಾಲ ಅದು ಎಲ್ಲೂ ಹೋಗಂಗಿಲ್ಲ.” ಅಷ್ಟು ಸುಲಭ! ನನಗೇಕೆ ಹೊಳೆಯಲಿಲ್ಲ ಎಂದು ಹೊಟ್ಟೆ ಉರಿಯಿತು.

ಮರುದಿನ ತಪಾಸಣೆಗೆ ಸಾಹೇಬರು ಬರುವವರಿದ್ದರು. ಪಾಠದಲ್ಲಿ ‘ಖೂನ್’ ಎಂಬ ಪದವಿತ್ತು. ಯಾರ ಮನೆಯ ಬಟ್ಟೆಯೆಂದು ತಿಳಿಯಲು ನಿಮ್ಮವ್ವ ಅಂಚಿಗೆ ಹಾಕುವ ಗುರುತೂ ಖೂನ. ಕೊಲೆಗೆ ಜನ ಅನ್ನುವುದು ಖೂನಿ. ಯಾವುದರ ಬಾಜು ಕೂರಿಸಲಿ ಎಂದು ನೀನು ನನ್ನನ್ನು ಕೇಳಿದೆ. ನಾನು ಅಂದೆ —

“ಖೂನಿ ಬ್ಯಾರೆನೋ. ಇದು ನಿಮ್ಮವ್ವ ಹಾಕೋ ಖೂನನ.”

ಸಾಹೇಬರ ಮುಂದೆ ಮಾಸ್ತರರು ನಿನ್ನನ್ನೇ ಎಬ್ಬಿಸಿದರು. ಪಾಠದಲ್ಲಿನ ತಾಯಿ ಅಂಗಿಯ ಮೇಲಿನ ‘ಖೂನ್’ ನೋಡಿ ಅತ್ತಳು, ಯಾಕೆ ಎಂದು ಕೇಳಿದರು. ಗುರುತು ಹಾಕಿದವಳು ಅವಳೇ, ಅದಕ್ಕೇ ಮಗನ ಅಂಗಿಯೆಂದು ತಿಳಿಯಿತು ಎಂದು ನೀನು ಧೈರ್ಯವಾಗಿ ಹೇಳಿದೆ. ಉರ್ದುವಿನಲ್ಲಿ ‘ಖೂನ್’ ಎಂದರೆ ರಕ್ತವೆಂದು ಬಲ್ಲವರೆಲ್ಲ ನಕ್ಕರು. ಮನೆಯ ಮಾತು ಮನೆಯಲ್ಲೇ ಬಿಟ್ಟು ಬಾ ಎಂದು ಮಾಸ್ತರರು ಗದರಿದರು. ನೀನು ನನ್ನತ್ತ ತಿರುಗಿದೆ — ನಾನು ಪುಸ್ತಕದಿಂದ ಕಣ್ಣೆತ್ತಲಿಲ್ಲ.

ಮಾಸ್ತರರು ಹೇಳಿದಂತೆಯೇ ನೀನು ಮಾಡಿದೆ, ಹೊಸ ಮಾತನ್ನು ಮನೆಯ ಮಾತಿನ ಬಾಜು ಕೂರಿಸುವುದನ್ನೇ ಬಿಟ್ಟೆ. ಆಮೇಲೆ ಪ್ರತಿ ಪದಕ್ಕೂ ತಡವರಿಸಿದೆ. ದೀಪಾವಳಿಗೆ ಮುಂಚೆ ಶಾಲೆ ಬಿಟ್ಟೆ.

ಈಗ ನಾನು ಹುಮನಾಬಾದಿನಲ್ಲಿ ಮಾಸ್ತರ. ಮಕ್ಕಳಿಗೆ ಕಲಿಸುವುದು ನಿನ್ನ ದಾರಿಯನ್ನೇ. ಮೆಚ್ಚಿದವರಿಗೆಲ್ಲ ಅದು ನನ್ನದೆಂದೇ ಹೇಳುತ್ತ ಬಂದಿದ್ದೇನೆ. ಸಂಜೆ ಕೋಣೆಗೆ ಮರಳಿದರೆ ಮಾತಿಗೆ ಯಾರೂ ಇಲ್ಲ. ಇದ್ದರೂ ಇದನ್ನು ಯಾರ ಮುಂದೆ...

ಹೋದ ತಿಂಗಳು ಎಲ್ಲ ಹೇಳಿಬಿಡಬೇಕೆಂದು ಮೋರಖಂಡಿಗೆ ಬಂದೆ. ಹಳ್ಳದ ದಂಡೆಯಲ್ಲಿ ನೀನು ಬಟ್ಟೆ ಹಿಂಡುತ್ತಿದ್ದೆ. ನನ್ನನ್ನು ನೋಡಿ ಅಂದೆ —

“ಯಾರ್ರಿ? ಖೂನ ಹತ್ತಲಿಲ್ಲ ನೋಡ್ರಿ.”

ಗುರುತು ಸಿಗಲಿಲ್ಲ ಎಂದೆಯಲ್ಲ, ಆಗಲೇ ಹೆಸರು ಹೇಳಬೇಕಿತ್ತು. ಅದರ ಬದಲು ನಾನು ಕಲ್ಯಾಣಿಗೆ ಹೋಗುವ ದಾರಿ ಯಾವುದೆಂದು ಕೇಳಿದೆ — ನನಗೆ ಗೊತ್ತಿದ್ದ ದಾರಿಯನ್ನೇ.

ನೀನು ಎದ್ದು, ಒದ್ದೆ ಕೈ ಒರೆಸಿಕೊಂಡು, ನಾಲ್ಕು ಹೆಜ್ಜೆ ಜೊತೆಗೆ ಬಂದು, ಸರಿಯಾದ ದಾರಿ ತೋರಿಸಿದೆ.